ಚೇಳಿನ ವಿಷವನ್ನು ಹೊತ್ತ ವೈರಾಣು: ಕಾಯಿಕೊರಕಕ್ಕೆ ಕುಲಾಂತರಿ ಎನ್‌ಪಿವಿ ಬೇಕೇ?

ತೊಗರಿಹೊಲ (ಕಲಬುರಗಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಹನ್ನೊಂದು ಎಕರೆಯಲ್ಲಿ ತೊಗರಿ ಬೆಳೆಯುವ ಕುಟುಂಬ ನಮ್ಮದು. ಕಳೆದ ವಾರ ಬೆಳಗಿನ ಹೊತ್ತು ಹೊಲ ಸುತ್ತುತ್ತಿದ್ದಾಗ, ಒಂದು ಗಿಡದ ತುತ್ತತುದಿಯಲ್ಲಿ ಕಾಯಿಕೊರಕದ ಹುಳುವೊಂದು ಹಿಂಬದಿಯ ಕಾಲುಗಳಿಂದ ಮಾತ್ರ ಕಡ್ಡಿಯನ್ನು ಹಿಡಿದುಕೊಂಡು ತಲೆಕೆಳಗಾಗಿ ಜೋತುಬಿದ್ದಿತ್ತು. ಬೆರಳು ತಾಗಿಸಿದ್ದೇ ತಡ, ಚರ್ಮ ಹರಿದು ಕಂದುಬಣ್ಣದ ಗಂಜಿಯಂಥ ದ್ರವ ಕೆಳಗಿನ ಎಲೆಗಳ ಮೇಲೆ ಇಳಿಯಿತು. ಅದೇ ಸಾಲಿನಲ್ಲಿ ಇನ್ನೂ ನಾಲ್ಕು ಹುಳುಗಳು ಹಾಗೆಯೇ ಸತ್ತಿದ್ದವು. ಈ ವರ್ಷ ಆ ಹೊಲಕ್ಕೆ ನಾನು ಯಾವ ಔಷಧವನ್ನೂ ಹೊಡೆದಿರಲಿಲ್ಲ. ಆ ಐದನ್ನೂ ಒಂದು ಗಾಜಿನ ಬಾಟಲಿಗೆ ಹಾಕಿ ಮುಚ್ಚಿಟ್ಟಿದ್ದೇನೆ.

ಇದು ವೈರಾಣು ರೋಗ ಎಂಬುದು ನನಗೆ ಗೊತ್ತು, ಏಕೆಂದರೆ ಎರಡು ವರ್ಷಗಳ ಹಿಂದೆ ನಾನೇ ಎನ್‌ಪಿವಿ ಎಂಬ, ಹುಳುಗಳನ್ನು ಕೊಲ್ಲುವ ವೈರಾಣುವಿನ ದ್ರಾವಣ ತಂದು ಹೊಡೆದಿದ್ದೆ. ಅಂಗಡಿಯವರು ಹೇಳಿದಂತೆ ಎಕರೆಗೆ 100 ಎಲ್‌ಇ (ವೈರಾಣುವಿನ ಪ್ರಮಾಣದ ಅಳತೆ) ಲೆಕ್ಕದಲ್ಲಿ, ಬೆಲ್ಲ ಬೆರೆಸಿ, ಸಂಜೆಯ ಹೊತ್ತಿಗೇ ಸಿಂಪಡಿಸಿದೆ. ಮೂರನೆಯ ದಿನ ನೋಡಿದರೆ ಹುಳುಗಳು ಕಾಯಿಯೊಳಗೆ ತಲೆಯಿಟ್ಟು ಕೊರೆಯುತ್ತಲೇ ಇದ್ದವು. ಐದನೆಯ ದಿನಕ್ಕೆ ನನ್ನ ತಾಳ್ಮೆ ಮುಗಿಯಿತು, ರಾಸಾಯನಿಕವನ್ನೇ ಹೊಡೆದೆ. ಮೋಡ ಕವಿದ ಆ ವಾರದಲ್ಲಿ ಕಳೆದುಕೊಂಡ ಕಾಯಿಗಳನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಈಚೆಗೆ, ಇದೇ ಜಾತಿಯ ವೈರಾಣುವಿಗೆ ಚೇಳಿನ ವಿಷದ ವಂಶವಾಹಿಯನ್ನು ಸೇರಿಸಿ ಹುಳು ಬೇಗ ಸಾಯುವಂತೆ ವಿಜ್ಞಾನಿಗಳು ಮಾಡಿದ್ದಾರೆಂದು ಓದಿದೆ. ಮೂವತ್ತು ವರ್ಷಗಳ ಹಿಂದೆಯೇ ಆಗಿದ್ದ ಕೆಲಸ ನಮ್ಮ ಹೊಲಗಳಿಗೆ ಏಕೆ ಬರಲಿಲ್ಲ? ಬಂದರೆ ಬಳಸಬಹುದೇ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.


ನಿವೃತ್ತ ಕೀಟತಜ್ಞ (ಧಾರವಾಡ)

ತೊಗರಿಹೊಲದವರೇ, ನೀವು ಕಂಡ ದೃಶ್ಯ ಯುರೋಪಿನ ಅರಣ್ಯಗಳಲ್ಲಿ 19ನೆಯ ಶತಮಾನದಲ್ಲೇ ದಾಖಲಾಗಿತ್ತು. ಜರ್ಮನ್ನರು ಅದನ್ನು ‘ಮರದ ತುದಿಯ ರೋಗ’ ಎಂದೇ ಕರೆದರು. ರೋಗ ತಗುಲಿದ ಹುಳು ಸಾಯುವ ಮುನ್ನ ಗಿಡದ ತುದಿಗೆ ಹತ್ತುತ್ತದೆ, ಅಲ್ಲಿ ಸತ್ತು ಕರಗುತ್ತದೆ, ಕರಗಿದ ದ್ರವ ಕೆಳಗಿನ ಎಲೆಗಳ ಮೇಲೆ ಸುರಿದು, ಆ ಎಲೆಗಳನ್ನು ತಿನ್ನುವ ಮುಂದಿನ ಹುಳುಗಳಿಗೆ ರೋಗ ದಾಟುತ್ತದೆ. ಹತ್ತುವುದು ಹುಳುವಿನ ಇಷ್ಟವಲ್ಲ, ವೈರಾಣುವಿನ ಅಗತ್ಯ. ಜಿಪ್ಸಿ ಪತಂಗದ ಮರಿಹುಳುಗಳ ಮೇಲೆ ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ವೈರಾಣುವಿನ ‘ಇಜಿಟಿ’ ಎಂಬ ಒಂದೇ ವಂಶವಾಹಿಯನ್ನು ತೆಗೆದುಹಾಕಿದರೆ ಆ ಹುಳುಗಳು ಮೇಲಕ್ಕೆ ಹತ್ತಿ ಸಾಯುವುದಿಲ್ಲ ಎಂದು ತೋರಿಸಿತು. ಈ ಇಜಿಟಿಯನ್ನು ನೆನಪಿನಲ್ಲಿಡಿ, ಮುಂದೆ ಅದರ ಮಾತು ಮತ್ತೆ ಬರುತ್ತದೆ.

ಎನ್‌ಪಿವಿ ಬ್ಯಾಕ್ಯುಲೋವೈರಸ್ ಕುಟುಂಬಕ್ಕೆ ಸೇರಿದ್ದು. ಕೋಲಿನಾಕಾರದ ವೈರಾಣುಗಳು ಹತ್ತಾರು ಸಂಖ್ಯೆಯಲ್ಲಿ ಒಂದು ಪ್ರೋಟೀನ್ ಹರಳಿನೊಳಗೆ ಹುದುಗಿರುತ್ತವೆ; ಆ ಹರಳೇ ಮಣ್ಣಿನಲ್ಲಿ ವರ್ಷಗಟ್ಟಲೆ ಅದನ್ನು ಕಾಪಾಡುವ ಪೆಟ್ಟಿಗೆ. ಮರಿಹುಳುವಿನ ಹೊಟ್ಟೆಯ ರಸ ನಮ್ಮದರಂತೆ ಆಮ್ಲವಲ್ಲ, ತೀವ್ರ ಕ್ಷಾರ. ಆ ಕ್ಷಾರದಲ್ಲಿ ಹರಳು ಕರಗಿ ವೈರಾಣು ಹೊರಬೀಳುತ್ತದೆ, ಕರುಳಿನ ಕೋಶಗಳನ್ನು ಹೊಕ್ಕು ಮೈಯೆಲ್ಲ ಹರಡುತ್ತದೆ. ಇದಕ್ಕೆ ಹುಳುವಿನ ವಯಸ್ಸು ಮತ್ತು ಹವೆಯನ್ನು ಅನುಸರಿಸಿ ನಾಲ್ಕರಿಂದ ಏಳು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ. ಹುಳು ಬೇಗ ಸತ್ತರೆ ವೈರಾಣುವಿಗೆ ನಷ್ಟ, ಏಕೆಂದರೆ ಹುಳು ದೊಡ್ಡದಾದಷ್ಟೂ ಅದರೊಳಗೆ ಹೆಚ್ಚು ಹರಳುಗಳು ತಯಾರಾಗುತ್ತವೆ. ಹುಳು ಪೊರೆ ಕಳಚುವಂತೆ ಮಾಡುವ ಚೋದಕವನ್ನು (ಹಾರ್ಮೋನನ್ನು) ಇಜಿಟಿ ನಿಷ್ಕ್ರಿಯಗೊಳಿಸುತ್ತದೆ. ಪೊರೆ ಬಿಡಲು ಕೂರದ ಹುಳು ತಿನ್ನುತ್ತಲೇ ಹೋಗುತ್ತದೆ. ಅಂದರೆ ನಿಮ್ಮ ಕಾಯಿಗಳನ್ನು ಆ ಐದು ದಿನ ತಿಂದದ್ದು ಹುಳುವಾದರೂ, ತಿನ್ನಲು ಬಿಟ್ಟದ್ದು ವೈರಾಣು.

ಈ ನಿಧಾನವನ್ನು ಮೀರಲು ನಡೆದ ಮೊದಲ ಯಶಸ್ವಿ ಪ್ರಯತ್ನ ನಡೆದದ್ದು, ರೇಷ್ಮೆಯ ನಾಡಿನವರಾದ ನಾವು ಗಮನಿಸಬೇಕಾದ ಸಂಗತಿ, ರೇಷ್ಮೆಹುಳುವಿನಲ್ಲಿಯೇ. ಜಪಾನಿನ ಸುಸುಮು ಮಯೇದಾ 1989ರಲ್ಲಿ ರೇಷ್ಮೆಹುಳುವಿನ ವೈರಾಣುವಿಗೆ, ಮೈಯ ನೀರಿನ ಸಮತೋಲ ಕೆಡಿಸುವ ಚೋದಕವೊಂದರ ವಂಶವಾಹಿಯನ್ನು ಸೇರಿಸಿದರು; ಹುಳುಗಳು ಸುಮಾರು 20 ಪ್ರತಿಶತ ಬೇಗ ಸತ್ತವು. 1991ರಲ್ಲಿ ಆಕ್ಸ್‌ಫರ್ಡಿನ ತಂಡ ಉತ್ತರ ಆಫ್ರಿಕಾದ ‘ಆಂಡ್ರೊಕ್ಟೋನಸ್ ಆಸ್ಟ್ರಾಲಿಸ್’ ಚೇಳಿನ ವಿಷದ ವಂಶವಾಹಿಯನ್ನೂ, ಅಮೆರಿಕದ ತಂಡವೊಂದು ನುಸಿಯೊಂದರ ವಿಷದ ವಂಶವಾಹಿಯನ್ನೂ ಆಲ್ಫಾಲ್ಫಾ ಎಂಬ ಮೇವಿನ ಬೆಳೆಯ ಹುಳುವಿನ ವೈರಾಣುವಿಗೆ ಸೇರಿಸಿದವು. ಚೇಳಿನ ಈ ವಿಷ ಕೀಟಗಳ ನರಗಳ ಸೋಡಿಯಂ ನಾಳವನ್ನು ಮಾತ್ರ ಹಿಡಿಯುವಂಥದು, ಸಸ್ತನಿಗಳ ನರಗಳನ್ನಲ್ಲ. ಚೇಳಿನ ವಿಷವೆಂದರೆ ಒಂದಲ್ಲ, ಹಲವು ಪ್ರೋಟೀನ್‌ಗಳ ಮಿಶ್ರಣ, ಅದರಲ್ಲಿ ಕೀಟಕ್ಕಷ್ಟೇ ತಟ್ಟುವುದನ್ನು ಆರಿಸಿಕೊಂಡದ್ದೇ ಆ ಕೆಲಸದ ಜಾಣ್ಮೆ. ಸಾಯುವ ಅವಧಿ ಸುಮಾರು 25 ಪ್ರತಿಶತ ಕಡಿಮೆಯಾಯಿತು, ಎಲೆ ತಿನ್ನುವುದು ಅರ್ಧಕ್ಕೆ ಇಳಿಯಿತು. ಎರಡನೆಯ ಅಂಕಿ ಮೊದಲನೆಯದಕ್ಕಿಂತ ದೊಡ್ಡದೇಕೆಂದರೆ, ಹುಳು ಸಾಯುವ ಮೊದಲೇ ಮರಗಟ್ಟಿ ಬಾಯಾಡಿಸುವುದನ್ನು ನಿಲ್ಲಿಸುತ್ತದೆ.

1993ರಲ್ಲಿ ಆಕ್ಸ್‌ಫರ್ಡಿನ ಬಳಿಯ ಎಲೆಕೋಸಿನ ಮಡಿಗಳಲ್ಲಿ ಇದರ ಪರೀಕ್ಷೆ ನಡೆಯಿತು. ಮೂಲ ವೈರಾಣುವಿಗಿಂತ ಬೆಳೆಹಾನಿ ಸುಮಾರು ಕಾಲುಭಾಗ ಕಡಿಮೆಯಾಯಿತು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೂ ಈ ಬಗೆಯ ಪ್ರಯೋಗಗಳಲ್ಲಿ ತಿಳಿದುಬಂತು: ಮರಗಟ್ಟಿದ ಹುಳುಗಳು ತುದಿಗೆ ಹತ್ತುವ ಬದಲು ನೆಲಕ್ಕೆ ಬೀಳುತ್ತವೆ, ಅವುಗಳೊಳಗಿನ ಹರಳುಗಳೂ ಕಡಿಮೆ. ಹೀಗಾಗಿ ಎಲೆಯಿಂದ ಎಲೆಗೆ ರೋಗ ಹರಡುವುದು ಕುಂಠಿತವಾಗುತ್ತದೆ. ಪರಿಸರಕ್ಕೆ ಇದು ಒಂದು ಬಗೆಯ ಭರವಸೆ, ರೈತನಿಗೆ ಒಂದು ಬಗೆಯ ನಷ್ಟ.

ಇಷ್ಟಾದರೂ ಇಂಥ ವೈರಾಣು ಮಾರುಕಟ್ಟೆಗೆ ಬರಲಿಲ್ಲ. ಅಮೆರಿಕದಲ್ಲಿ ದೊಡ್ಡ ಕಂಪನಿಗಳು 1990ರ ದಶಕದಲ್ಲಿ ಹೊಲ ಪರೀಕ್ಷೆಯವರೆಗೆ ಬಂದು ಕೈಬಿಟ್ಟವು, ಚೀನಾದ ವೂಹಾನಿನ ವಿಜ್ಞಾನಿಗಳು ನಮ್ಮ ಕಾಯಿಕೊರಕದ ವೈರಾಣುವಿಗೇ ಚೇಳಿನ ವಿಷ ಸೇರಿಸಿ ಹತ್ತಿಯ ಹೊಲಗಳಲ್ಲಿ ಪರೀಕ್ಷಿಸಿ ಒಳ್ಳೆಯ ಫಲಿತಾಂಶ ಪಡೆದರು. ಮಾರುಕಟ್ಟೆಗೆ ಬಾರದಿರಲು ಕಾರಣಗಳು ಹಲವು. ಅಷ್ಟರಲ್ಲಿ ಬಿಟಿ ಹತ್ತಿ ಬಂತು, ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡುವ ಹೊಸ ರಾಸಾಯನಿಕಗಳು ಬಂದವು, ಜನರ ಆತಂಕವೂ ಇತ್ತು.


ಹುಳುಮನೆ (ಶಿಡ್ಲಘಟ್ಟ)

ಸರ್, ನಿಮ್ಮ ಬರಹವನ್ನು ಎರಡು ಸಲ ಓದಿದೆ. ತೊಗರಿ ಬೆಳೆಯುವವರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ‘ಎನ್‌ಪಿವಿ’ ಎಂಬ ಮೂರಕ್ಷರ ಕೇಳಿದರೆ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯಿರುವುದಿಲ್ಲ. ನಾವು ಹಾಲುತೊಂಡೆ ಎಂದು ಕರೆಯುವ ರೋಗ ಅದೇ ಅಲ್ಲವೇ?

ಹೋದ ಮಳೆಗಾಲದಲ್ಲಿ ನೂರು ಮೊಟ್ಟೆಯ (ನೂರು ಚಿಟ್ಟೆಗಳಿಟ್ಟ ಮೊಟ್ಟೆಗಳ) ಬೆಳೆ ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ಹಂತದಿಂದ, ಚೆನ್ನಾಗಿಯೇ ಎದ್ದಿತ್ತು. ಐದನೆಯ ಹಂತದ ನಾಲ್ಕನೆಯ ದಿನ ಕೆಲವು ಹುಳುಗಳು ಸೊಪ್ಪು ಬಿಟ್ಟು ಸ್ಟ್ಯಾಂಡಿನ ಅಂಚಿನಲ್ಲಿ ಗೊತ್ತುಗುರಿಯಿಲ್ಲದೆ ಹರಿದಾಡಲು ಶುರುಮಾಡಿದವು. ಮೈ ಹಳದಿಯಾಗಿ, ಗೆಣ್ಣು ಗೆಣ್ಣು ಊದಿಕೊಂಡಿತ್ತು. ಕಾಲೊಂದು ಮುರಿದರೆ ಹಾಲಿನಂಥ ನೀರು. ಮೂರು ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಳುಗಳನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು, ಗೂಡು ಕಟ್ಟಲು ಚಂದ್ರಿಕೆಗೆ ಏರಿದ್ದು ಸ್ವಲ್ಪವೇ. ಬ್ಲೀಚಿಂಗ್ ಪುಡಿ, ಸುಣ್ಣ, ಬಾಗಿಲಲ್ಲಿ ಕಾಲು ತೊಳೆಯುವ ತೊಟ್ಟಿ, ಎಲ್ಲ ಇದ್ದೂ ಹೀಗಾಯಿತು.

ನಮ್ಮ ತಾಲ್ಲೂಕಿನಲ್ಲಿ ಹಿಪ್ಪುನೇರಳೆ ತೋಟದ ಬದುವಿನಾಚೆ ಟೊಮ್ಯಾಟೊ ಇರುತ್ತದೆ, ಅದಕ್ಕೂ ಇದೇ ಕಾಯಿಕೊರಕ. ಅಲ್ಲಿ ಹೊಡೆದದ್ದು ಗಾಳಿಯಲ್ಲಿ ನಮ್ಮ ಸೊಪ್ಪಿನ ಮೇಲೆ ಕೂರುತ್ತದೆ. ಸಾಧಾರಣ ವೈರಾಣುವಿಗೇ ಈ ಗತಿಯಾದರೆ ಚೇಳಿನ ವಿಷ ಸೇರಿದ್ದು ಬಂದರೆ ಏನು ಗತಿ? ರೇಷ್ಮೆಹುಳುವಿಗೆ ಅದು ತಗುಲುವುದಿಲ್ಲವೆಂದು ಯಾರಾದರೂ ಖಚಿತವಾಗಿ ಹೇಳುತ್ತಾರೆಯೇ?


ನಿವೃತ್ತ ಕೀಟತಜ್ಞ

ಹುಳುಮನೆಯವರೇ, ಇಡೀ ಚರ್ಚೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನು ನೀವು ಕೇಳಿದ್ದೀರಿ. ಉತ್ತರವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಸುಮ್ಮನೆ ‘ಭಯವಿಲ್ಲ’ ಎಂದುಬಿಡುವುದು ನಿಮಗೆ ಮಾಡುವ ಅನ್ಯಾಯ.

ಎನ್‌ಪಿವಿ ಎಂಬುದು ಒಂದು ವೈರಾಣುವಿನ ಹೆಸರಲ್ಲ, ಒಂದು ದೊಡ್ಡ ಬಳಗದ ಹೆಸರು. ನಿಮ್ಮ ಹಾಲುತೊಂಡೆಯನ್ನು ತರುವುದು ರೇಷ್ಮೆಹುಳುವಿನದೇ ಆದ ಬಿಎಂ‌ಎನ್‌ಪಿವಿ. ತೊಗರಿ, ಕಡಲೆ, ಟೊಮ್ಯಾಟೊ ಬೆಳೆಗಳ ಕಾಯಿಕೊರಕಕ್ಕೆ ಹೊಡೆಯುವುದು ಎಚ್‌ಎ‌ಎನ್‌ಪಿವಿ. ಅದು ಕಾಯಿಕೊರಕ ಮತ್ತು ಅದರ ತೀರ ಹತ್ತಿರದ ಪತಂಗಗಳ ಆಚೆಗೆ ಹೋಗುವುದಿಲ್ಲ, ರೇಷ್ಮೆಹುಳುವಿಗೆ ತಗುಲುವುದಿಲ್ಲ. ಆದ್ದರಿಂದ ಪಕ್ಕದ ಟೊಮ್ಯಾಟೊ ತೋಟದಿಂದ ನಿಮಗೆ ಹಾಲುತೊಂಡೆ ಬಂದಿರಲಾರದು. ಅಲ್ಲಿಂದ ಗಾಳಿಗೆ ಬರುವ ರಾಸಾಯನಿಕದ ಹನಿ ಮಾತ್ರ ನಿಮ್ಮ ಹುಳುಗಳಿಗೆ ನಿಜವಾದ ಅಪಾಯ.

ಆದರೆ ಆಕ್ಸ್‌ಫರ್ಡಿನವರು ಬಳಸಿದ ಆಲ್ಫಾಲ್ಫಾ ಹುಳುವಿನ ವೈರಾಣು ಬೇರೆ ಸ್ವಭಾವದ್ದು. ಅದು ಮೂವತ್ತಕ್ಕೂ ಹೆಚ್ಚು ಜಾತಿಯ ಪತಂಗಗಳ ಮರಿಗಳಿಗೆ ತಗುಲುತ್ತದೆ. ಪ್ರಯೋಗಾಲಯದಲ್ಲಿ ಅದರ ವಂಶವಾಹಿಗಳನ್ನು ತಿದ್ದುವುದು ಎಲ್ಲಕ್ಕಿಂತ ಸುಲಭವಾದ್ದರಿಂದ ಎಲ್ಲರೂ ಅದನ್ನೇ ಹಿಡಿದರು; ಆಕ್ಸ್‌ಫರ್ಡಿನ ಪರೀಕ್ಷೆಯ ಜಾಗ ಹೆಸರಾಂತ ವೈಥಮ್ ಕಾಡಿಗೆ ಹತ್ತಿರವಿದ್ದುದರಿಂದ ಅಲ್ಲಿನ ಪತಂಗ, ಚಿಟ್ಟೆಗಳ ಗತಿಯೇನು ಎಂಬ ಪ್ರಶ್ನೆ ಎದ್ದು 1994ರಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು. ಪತ್ರಿಕೆಗಳು ಚೇಳನ್ನು ಹಿಡಿದುಕೊಂಡವು. ನನ್ನ ಅಭಿಪ್ರಾಯದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಚೇಳಿನದಲ್ಲ, ವೈರಾಣುವಿನದು. ವಿಷದ ವಂಶವಾಹಿ ವೈರಾಣು ಯಾರ ಮನೆಯ ಬಾಗಿಲು ತಟ್ಟಬಹುದು ಎಂಬುದನ್ನು ಬದಲಿಸುವುದಿಲ್ಲ, ಒಳಹೊಕ್ಕ ಮೇಲೆ ಎಷ್ಟು ಬೇಗ ಕೊಲ್ಲುತ್ತದೆ ಎಂಬುದನ್ನು ಮಾತ್ರ ಬದಲಿಸುತ್ತದೆ. ಯಾವ ವೈರಾಣುವನ್ನು ಆರಿಸಿಕೊಂಡೆವು ಎಂಬಲ್ಲಿಯೇ ಅರ್ಧಕ್ಕಿಂತ ಹೆಚ್ಚು ಸುರಕ್ಷತೆ ತೀರ್ಮಾನವಾಗಿಬಿಡುತ್ತದೆ.

ಇನ್ನು ರೇಷ್ಮೆಗೆ ಸಂಬಂಧಿಸಿದ ಕಠಿಣ ಸತ್ಯ. ಆಲ್ಫಾಲ್ಫಾ ಹುಳುವಿನ ವೈರಾಣು ಮತ್ತು ಬಿಎಂ‌ಎನ್‌ಪಿವಿ ಒಡಹುಟ್ಟಿದವರಷ್ಟು ಹತ್ತಿರದವು. ಸಾಮಾನ್ಯವಾಗಿ ಮೊದಲನೆಯದು ರೇಷ್ಮೆಹುಳುವಿನಲ್ಲಿ ಬೆಳೆಯಲಾರದು. ಆದರೆ 1993ರಲ್ಲಿ ಅದೇ ಮಯೇದಾ ಮತ್ತು ಸಂಗಡಿಗರು, ಎರಡೂ ವೈರಾಣುಗಳು ಒಂದೇ ಕೋಶದಲ್ಲಿ ಸೇರಿದಾಗ ‘ಹೆಲಿಕೇಸ್’ ಎಂಬ ವಂಶವಾಹಿಯ ಸುಮಾರು 600 ಡಿಎನ್‌ಎ ಅಕ್ಷರಗಳ ಒಂದು ಚೂರು ಅದಲುಬದಲಾದರೆ ಸಾಕು, ಮೊದಲನೆಯದು ರೇಷ್ಮೆಹುಳುವಿನ ಕೋಶಗಳಲ್ಲೂ ಬೆಳೆಯಬಲ್ಲದೆಂದು ತೋರಿಸಿದರು. ಮುಂದಿನ ವರ್ಷ ಫ್ರಾನ್ಸಿನ ವಿಜ್ಞಾನಿಗಳು ಆ ಚೂರಿನಲ್ಲಿ ಬೆರಳೆಣಿಕೆಯ ಅಮೈನೋ ಆಮ್ಲಗಳ ಬದಲಾವಣೆಯೇ ಇದಕ್ಕೆ ಸಾಕೆಂದು ಕಂಡರು. ಇದು ಹೊಲದಲ್ಲಿ ನಡೆಯಬೇಕಾದರೆ ಎರಡು ವೈರಾಣುಗಳೂ ಒಂದೇ ಹುಳುವಿನ ಒಂದೇ ಕೋಶದಲ್ಲಿ ಸೇರಬೇಕು, ಅದು ಅಪರೂಪ. ಆದರೆ ಹಾಲುತೊಂಡೆಯ ವೈರಾಣು ಹುಳುಮನೆಗಳ ಸುತ್ತಮುತ್ತ ಸದಾ ಇರುವ ಶಿಡ್ಲಘಟ್ಟ, ರಾಮನಗರ, ಕನಕಪುರಗಳಂಥ ಕಡೆ, ಅದರ ಒಡಹುಟ್ಟಿನಂಥ ವೈರಾಣುವನ್ನು ಎಕರೆಗಟ್ಟಲೆ ಚಿಮುಕಿಸುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ಚೇಳಿನ ವಿಷ ಸೇರಿರಲಿ, ಸೇರದಿರಲಿ.


ಸಾವಯವ ಕೃಷಿಕ (ತೀರ್ಥಹಳ್ಳಿ)

ಮಾನ್ಯರೇ, ವೈರಾಣು ತಾನಾಗಿಯೇ ಕೆಲಸ ಮಾಡುತ್ತಿರುವಾಗ ಅದನ್ನು ತಿದ್ದುವ ಅವಶ್ಯಕತೆಯೇನೆಂಬುದೇ ನನಗೆ ಅರ್ಥವಾಗುತ್ತಿಲ್ಲ. ಸತ್ತ ಹುಳುವನ್ನು ಹಕ್ಕಿ ತಿನ್ನುತ್ತದೆ, ಜೇಡ ತಿನ್ನುತ್ತದೆ, ಹೂವಿಗೆ ಜೇನು ಬರುತ್ತದೆ, ಹಸಿ ಟೊಮ್ಯಾಟೊ ಮಕ್ಕಳು ತಿನ್ನುತ್ತಾರೆ. ರಾಸಾಯನಿಕದ ಡಬ್ಬಿಯನ್ನು ಬಳಸುವುದು ಬಿಟ್ಟರೆ ಅದು ಅಲ್ಲಿಗೆ ನಿಲ್ಲುತ್ತದೆ. ತಾನಾಗಿ ಹೆಚ್ಚುವ ಜೀವಿಯನ್ನು ಬಿಟ್ಟಮೇಲೆ ಹಿಂದಕ್ಕೆ ಕರೆಯಲು ಆಗುವುದಿಲ್ಲ. ಇದನ್ನು ಭಾವಾವೇಶದಿಂದ ಹೇಳುತ್ತಿಲ್ಲ.


ನಿವೃತ್ತ ಕೀಟತಜ್ಞ

ನಿಮ್ಮ ಕೊನೆಯ ಮಾತು ಸರಿಯಾದದ್ದು, ಅದನ್ನು ಹಗುರಾಗಿ ತೆಗೆದುಕೊಳ್ಳುವ ವಿಜ್ಞಾನಿಯನ್ನು ನಾನೂ ನಂಬುವುದಿಲ್ಲ. ಆಕ್ಸ್‌ಫರ್ಡಿನವರೇ 1986ರಲ್ಲಿ ಆರಂಭಿಸಿದಾಗ ಮೊದಲು ಬಿಟ್ಟದ್ದು ಯಾವ ಹೊಸ ಗುಣವೂ ಇಲ್ಲದ, ಗುರುತಿಗಾಗಿ ಸಣ್ಣ ಡಿಎನ್‌ಎ ಚೂರನ್ನು ಮಾತ್ರ ಸೇರಿಸಿದ ವೈರಾಣುವನ್ನು. ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂದು ಹಿಂಬಾಲಿಸಲು. ಆಮೇಲೆ ಹರಳಿನ ಪ್ರೋಟೀನನ್ನೇ ಕಿತ್ತು, ಹೊರಗೆ ಬಹುಕಾಲ ಬಾಳಲಾರದ ವೈರಾಣುವನ್ನೂ ಅವರು ಪರೀಕ್ಷಿಸಿದರು. ಹಿಂದಕ್ಕೆ ಕರೆಯಲಾಗದ್ದನ್ನು ತಾನಾಗಿಯೇ ಅಳಿಯುವಂತೆ ಮಾಡುವ ಪ್ರಯತ್ನ ಅದು. ಅಂಥ ಮೆಟ್ಟಿಲು ಮೆಟ್ಟಿಲಾದ ನಡೆಯನ್ನು ನಾನು ಗೌರವಿಸುತ್ತೇನೆ.

ಜೇನು, ಹಕ್ಕಿ, ಮನುಷ್ಯರ ವಿಷಯದಲ್ಲಿ ಮಾತ್ರ ನಿಮ್ಮ ಆತಂಕಕ್ಕೆ ಆಧಾರ ಕಡಿಮೆ. ಈ ವೈರಾಣುಗಳು ಜೇನಿಗೆ ತಗುಲುವುದಿಲ್ಲ. ಸಸ್ತನಿಗಳ ಕೋಶದೊಳಗೆ ಹೊಕ್ಕರೂ ಅಲ್ಲಿ ಸಂತತಿ ಬೆಳೆಸಲಾರವು. 1983ರಿಂದಲೇ ಆಲ್ಫಾಲ್ಫಾ ಹುಳುವಿನ ವೈರಾಣುವನ್ನು ಪ್ರೋಟೀನ್ ತಯಾರಿಸುವ ಯಂತ್ರದಂತೆ ಪ್ರಯೋಗಾಲಯಗಳಲ್ಲಿ ಬಳಸುತ್ತಿದ್ದಾರೆ. ಕೋವಿಡ್ ಕಾಲದಲ್ಲಿ ನಮ್ಮ ದೇಶದಲ್ಲಿ ತಯಾರಾದ ಕೋವೊವ್ಯಾಕ್ಸ್ ಲಸಿಕೆಯ ಪ್ರೋಟೀನು ಇಂಥ ಕುಲಾಂತರಿ ವೈರಾಣುವಿನ ನೆರವಿನಿಂದ ಪತಂಗದ ಕೋಶಗಳಲ್ಲಿ ತಯಾರಾದದ್ದೇ. ಮುಚ್ಚಿದ ಪಾತ್ರೆಯೊಳಗಿನ ಅನುಭವ ಬಯಲಿನ ಹೊಲಕ್ಕೆ ಪೂರ್ತಿ ಪುರಾವೆಯಲ್ಲ, ಒಪ್ಪುತ್ತೇನೆ. ಆದರೆ ಬಯಲಿನಲ್ಲಿ ನನಗಿರುವ ಆತಂಕ ಮನುಷ್ಯರ ಬಗ್ಗೆಯಲ್ಲ, ಬೇರೆ ಪತಂಗ, ಚಿಟ್ಟೆಗಳ ಬಗ್ಗೆ.


ಜೈವಿಕ ಪ್ರಯೋಗಾಲಯ (ರಾಯಚೂರು)

ನಾನು ಒಂಬತ್ತು ವರ್ಷಗಳಿಂದ ಎನ್‌ಪಿವಿ ತಯಾರಿಸುವ ಕೆಲಸದಲ್ಲಿರುವವಳು. ಇಲ್ಲಿಯವರೆಗೆ ಯಾರೂ ಹೇಳದ ಒಂದು ಸಂಗತಿಯನ್ನು ಹೇಳಬೇಕಾಗಿದೆ.

ವೈರಾಣುವನ್ನು ನಾವು ಬೆಳೆಸುವುದು ಜೀವಂತ ಹುಳುಗಳಲ್ಲಿ. ಕಡಲೆಹಿಟ್ಟು, ಯೀಸ್ಟ್, ಅಗರ್ ಬೇಯಿಸಿ ಹುಳುಗಳಿಗೆ ಆಹಾರ ಮಾಡುತ್ತೇವೆ. ಕಾಯಿಕೊರಕದ ಹುಳುಗಳು ಒಂದನ್ನೊಂದು ತಿನ್ನುವ ಸ್ವಭಾವದವು, ಹಾಗಾಗಿ ಒಂದೊಂದು ಹುಳುವಿಗೆ ಒಂದೊಂದು ಗುಳಿಯಿರುವ ತಟ್ಟೆಗಳು ಬೇಕು. ಸಾವಿರಾರು ಹುಳುಗಳನ್ನು ಕುಂಚದ ತುದಿಯಿಂದ ಒಂದೊಂದಾಗಿ ಎತ್ತಿಡುವ ಕೆಲಸ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತದೆ. ವೈರಾಣು ಲೇಪಿಸಿದ ಆಹಾರ ತಿಂದು ಸತ್ತ ಹುಳುಗಳನ್ನು ಕೊಳೆಯುವ ಮುನ್ನ ಆಯ್ದು, ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ಯಂತ್ರದಲ್ಲಿ ತಿರುಗಿಸಿ ಹರಳುಗಳನ್ನು ಬೇರ್ಪಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಎಣಿಸುತ್ತೇವೆ. ಒಂದು ಎಲ್‌ಇ ಎಂದರೆ 600 ಕೋಟಿ ಹರಳುಗಳು. ಚೆನ್ನಾಗಿ ಬೆಳೆದು ಸತ್ತ ದೊಡ್ಡ ಹುಳುವೊಂದರಿಂದ ಸಿಗುವಷ್ಟು. ಎಕರೆಗೆ 100 ಎಲ್‌ಇ ಎಂದರೆ ಎಷ್ಟು ಹುಳುಗಳ ಬೆಲೆ ಎಂದು ಲೆಕ್ಕ ಹಾಕಿ.

ಈಗ ಕುಲಾಂತರಿ ವೈರಾಣುವನ್ನು ಯೋಚಿಸಿ. ಅದು ಹುಳುವನ್ನು ಬೇಗ ಕೊಲ್ಲುತ್ತದೆ, ಅಂದರೆ ನನ್ನ ತಟ್ಟೆಯಲ್ಲಿ ಕೂಡ ಹುಳು ಬೆಳೆಯುವ ಮೊದಲೇ ಸಾಯುತ್ತದೆ. ಒಂದೊಂದು ಹುಳುವಿನಿಂದ ಬರುವ ಹರಳುಗಳು ಕಡಿಮೆಯಾಗುತ್ತವೆ, ಅದೇ ಬಾಟಲಿಗೆ ಇನ್ನೂ ಹೆಚ್ಚು ಹುಳು, ಹೆಚ್ಚು ಆಹಾರ, ಹೆಚ್ಚು ಕೈಗಳು ಬೇಕಾಗುತ್ತವೆ. ಹೊಲದಲ್ಲಿ ಲಾಭವಾಗುವ ಗುಣವೇ ತಯಾರಿಕೆಯಲ್ಲಿ ನಷ್ಟ. ತಯಾರಕರು ಹಿಂಜರಿದದ್ದಕ್ಕೆ ಇದೂ ಒಂದು ಕಾರಣವಾಗಿರಬೇಕೆಂದು ನನ್ನ ಅನುಭವ ಹೇಳುತ್ತದೆ.

ತೊಗರಿಹೊಲದವರು ಎರಡು ವರ್ಷಗಳ ಹಿಂದೆ ತಂದ ಎನ್‌ಪಿವಿ ಬಾಟಲಿಯ ಬಗ್ಗೆಯೂ ಒಂದು ಮಾತು. ಅಣ್ಣ, ನೀವು ಹೊಡೆದಾಗ ಹುಳುಗಳು ಕಾಯಿಯೊಳಗೆ ತಲೆಯಿಟ್ಟಿದ್ದವು ಎಂದಿರಿ. ಅಂದರೆ ಅವು ಆಗಲೇ ಮೂರನೆಯ, ನಾಲ್ಕನೆಯ ಹಂತ ದಾಟಿದ್ದವು. ಎನ್‌ಪಿವಿ ಹೊಡೆಯಬೇಕಾದದ್ದು ಮೊಟ್ಟೆ ಒಡೆದು, ಹುಳು ಉಗುರಿನ ಅಗಲಕ್ಕಿಂತ ಚಿಕ್ಕದಾಗಿ ಹೂವು, ಎಳೆ ಎಲೆ ಕೆರೆಯುತ್ತಿರುವಾಗ. ಚಿಕ್ಕ ಹುಳು ಮೂರು ನಾಲ್ಕು ದಿನಗಳಲ್ಲಿ ಸಾಯುತ್ತದೆ, ಅದೂ ಹೆಚ್ಚೇನೂ ತಿನ್ನದೆ. ದೊಡ್ಡ ಹುಳುವಿಗೆ ನೂರಾರು ಪಟ್ಟು ಹೆಚ್ಚು ಹರಳು ಬೇಕು, ಸಿಕ್ಕರೂ ವಾರ ಹಿಡಿಯುತ್ತದೆ. ಇನ್ನೊಂದು, ಬಾಟಲಿ ಬಿಸಿಲು ಬೀಳುವ ಅಂಗಡಿ ಕಪಾಟಿನಲ್ಲಿ ಎಷ್ಟು ತಿಂಗಳು ಇತ್ತೋ ನಿಮಗಾಗಲಿ ನನಗಾಗಲಿ ತಿಳಿಯದು. ನಾನು ಕಂಡ ಕೆಲವು ಬಾಟಲಿಗಳಲ್ಲಿ ಚೀಟಿಯ ಮೇಲಿನ ಎಣಿಕೆಯ ಕಾಲುಭಾಗವೂ ಹರಳುಗಳಿರಲಿಲ್ಲ, ಬ್ಯಾಕ್ಟೀರಿಯಾ ಮಾತ್ರ ತುಂಬಿತ್ತು. ಇಂಥ ಬಾಟಲಿಯೊಳಗೆ ಚೇಳಿನ ವಿಷದ ವಂಶವಾಹಿಯನ್ನು ಸೇರಿಸಿದರೂ ಫಲ ಬೇರೆಯಾಗುತ್ತಿರಲಿಲ್ಲ.


ಕಾನೂನು ವಿದ್ಯಾರ್ಥಿ (ಮೈಸೂರು)

ನಿಯಮಗಳ ಬಗ್ಗೆ ಸಂಕ್ಷಿಪ್ತವಾಗಿ ಬರೆಯುತ್ತೇನೆ. ಸಾಧಾರಣ ಎನ್‌ಪಿವಿ 1968ರ ಕೀಟನಾಶಕ ಕಾಯಿದೆಯಡಿ ನೋಂದಣಿಯಾಗುತ್ತದೆ. ಕುಲಾಂತರಿ ವೈರಾಣುವಾದರೆ ಅದರ ಜೊತೆಗೆ 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರಲ್ಲಿ ರೂಪಿಸಿದ ನಿಯಮಗಳು ಅನ್ವಯಿಸುತ್ತವೆ, ಬಯಲಿಗೆ ಬಿಡಲು ಕುಲಾಂತರಿಗಳನ್ನು ಪರಿಶೀಲಿಸುವ ಕೇಂದ್ರದ ಜಿಇಎಸಿ ಸಮಿತಿಯ ಒಪ್ಪಿಗೆ ಬೇಕು. ಇಲ್ಲಿ ಒಂದು ವಿಚಿತ್ರವಿದೆ. ಹೊರಗಿನ ವಂಶವಾಹಿ ಸೇರಿಸದೆ, ಇರುವುದನ್ನೇ ತಿದ್ದಿದ ಸಸ್ಯಗಳಿಗೆ 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಆ ನಿಯಮಗಳ ಮುಖ್ಯ ಭಾಗದಿಂದ ವಿನಾಯಿತಿ ಕೊಟ್ಟಿತು. ಆದರೆ ಆ ವಿನಾಯಿತಿ ಸಸ್ಯಗಳಿಗೆ ಮಾತ್ರ. ಸರ್ ಹೇಳಿದ ಇಜಿಟಿ ವಂಶವಾಹಿಯನ್ನು ತೆಗೆದ ವೈರಾಣು, ಹೊಸದೇನೂ ಸೇರಿಲ್ಲದಿದ್ದರೂ, ಚೇಳಿನ ವಿಷ ಹೊತ್ತ ವೈರಾಣುವಿನ ಸಾಲಿನಲ್ಲೇ ನಿಲ್ಲಬೇಕಾಗುತ್ತದೆ.


ತೊಗರಿಹೊಲ

ಎಲ್ಲರಿಗೂ ಕೃತಜ್ಞತೆಗಳು. ಮೇಡಂ ಹೇಳಿದ್ದು ನಿಜ, ನಾನು ತಡವಾಗಿ ಹೊಡೆದೆ. ಆದರೆ ನನ್ನ ಕಡೆಯ ಮಾತನ್ನೂ ಕೇಳಬೇಕು.

ಮೊಟ್ಟೆ ಒಡೆದ ಎರಡು ದಿನದೊಳಗೆ ಹೊಡೆಯಿರಿ ಎನ್ನುವುದು ಸುಲಭ. ಆಳೆತ್ತರ ಬೆಳೆದ ಹನ್ನೊಂದು ಎಕರೆ ತೊಗರಿಯಲ್ಲಿ ಗಸಗಸೆಯಷ್ಟು ಮೊಟ್ಟೆಯನ್ನು ಹೂವಿನ ನಡುವೆ ಹುಡುಕುವವರು ಯಾರು? ಹೂ ಒಮ್ಮೆಲೇ ಬಿಡುವುದಿಲ್ಲ, ವಾರಗಟ್ಟಲೆ ಬಿಡುತ್ತದೆ. ಮೊಟ್ಟೆಯೂ ಹಾಗೆಯೇ ದಿನದಿನವೂ ಬೀಳುತ್ತದೆ. ಒಂದೇ ಗಿಡದಲ್ಲಿ ಎಲ್ಲ ವಯಸ್ಸಿನ ಹುಳುಗಳಿರುತ್ತವೆ. ನಮ್ಮ ತಂದೆಯ ಕಾಲದಲ್ಲಿ ಗಿಡ ಅಲ್ಲಾಡಿಸಿ ಹುಳುಗಳನ್ನು ಬಟ್ಟೆಯ ಮೇಲೆ ಉದುರಿಸಿ ಆರಿಸುತ್ತಿದ್ದರು, ಈಗ ಅಷ್ಟು ಆಳು ಸಿಗುವುದಿಲ್ಲ. ಆದ್ದರಿಂದ ಬೇಗ ಕೊಲ್ಲುವ ವೈರಾಣು ಬೇಕೆನ್ನುವುದು ನನ್ನ ದುರಾಸೆಯಲ್ಲ. ದೊಡ್ಡ ಹುಳು ಏಳು ದಿನ ತಿನ್ನುವ ಬದಲು ನಾಲ್ಕು ದಿನ ತಿಂದರೂ ನನಗೆ ಅಷ್ಟು ಕಾಯಿ ಉಳಿಯುತ್ತದೆ.

ಚೇಳಿನದು ಬೇಡವೆಂದರೆ ಬೇಡ. ಕಾಯಿಕೊರಕಕ್ಕಷ್ಟೇ ತಗುಲುವ ವೈರಾಣುವಿನಿಂದ ಆ ಇಜಿಟಿಯನ್ನು ತೆಗೆದರೆ ಹುಳುಮನೆಯವರಿಗೂ ತೊಂದರೆಯಿಲ್ಲ, ನನಗೂ ಲಾಭ ಎಂದು ನಾನು ತಿಳಿದಿದ್ದೇನೆ. ತಪ್ಪಿದ್ದರೆ ತಿದ್ದಿ.


ಹುಳುಮನೆ

ಕಾಯಿಕೊರಕಕ್ಕೆ ಮಾತ್ರ ತಗುಲುವುದಾದರೆ ನಮ್ಮದೇನೂ ಆಕ್ಷೇಪವಿಲ್ಲ ಅಣ್ಣ. ಆದರೆ ಬಯಲಿಗೆ ಬಿಡುವ ಮೊದಲು ನಮ್ಮ ಹುಳುಗಳಿಗೆ, ನಾವು ಸಾಕುವ ದ್ವಿತಳಿ ಮತ್ತು ಮಿಶ್ರತಳಿಗಳಿಗೇ, ಎಲ್ಲ ಹಂತಗಳಲ್ಲೂ ತಿನ್ನಿಸಿ ನೋಡಬೇಕು. ಅದು ರೇಷ್ಮೆ ಬೆಳೆಗಾರರ ಕಣ್ಣೆದುರಿಗೆ ನಡೆಯಬೇಕು. ಆಮೇಲೆ ಮಾತ್ರ ಒಪ್ಪುತ್ತೇನೆ.


ನಿವೃತ್ತ ಕೀಟತಜ್ಞ

ತೊಗರಿಹೊಲದವರ ವಾದದಲ್ಲಿ ತಪ್ಪಿಲ್ಲ. ‘ಸರಿಯಾದ ಹೊತ್ತಿಗೆ ಹೊಡೆಯಿರಿ’ ಎಂದು ನಾವು ಸಲಹೆ ಬರೆದಷ್ಟು ಸುಲಭವಾಗಿ ಹೊಲದಲ್ಲಿ ಕೆಲಸ ನಡೆಯುವುದಿಲ್ಲವೆಂಬುದನ್ನು ನನ್ನ ಸೇವಾವಧಿಯಲ್ಲಿ ನಾನು ಸಾಕಷ್ಟು ಹೇಳಲಿಲ್ಲ. ಇಜಿಟಿ ತೆಗೆದ ವೈರಾಣುವಿನಲ್ಲಿ ಹುಳು ಬೇಗ ಸಾಯುತ್ತದೆ, ಕಡಿಮೆ ತಿನ್ನುತ್ತದೆ. ಚೇಳಿನ ವಿಷದಷ್ಟು ವೇಗ ಬಾರದು. ವೈರಾಣುವಿಗೆ ಉಪಯುಕ್ತವಾದ ವಂಶವಾಹಿಯನ್ನೇ ಕಿತ್ತುಕೊಂಡದ್ದರಿಂದ ಅದು ನಿಸರ್ಗದಲ್ಲಿರುವ ಮೂಲ ವೈರಾಣುವಿನ ಎದುರು ಸ್ಪರ್ಧೆಯಲ್ಲಿ ಹಿಂದೆ ಬೀಳುವುದೇ ಹೆಚ್ಚು ಸಂಭವ. ಹುಳುಮನೆಯವರ ಷರತ್ತು ನ್ಯಾಯವಾದದ್ದು, ಅದನ್ನು ಯಾವ ವಿಜ್ಞಾನಿಯೂ ನಿರಾಕರಿಸಬಾರದು. ನನ್ನ ಮಟ್ಟಿಗೆ ನಮ್ಮ ರಾಜ್ಯದಲ್ಲಿ ಪರೀಕ್ಷೆಗೆ ಯೋಗ್ಯವಾದದ್ದು ಇದೊಂದೇ: ಕಿರಿದಾದ ವ್ಯಾಪ್ತಿಯ ಎಚ್‌ಎ‌ಎನ್‌ಪಿವಿ, ಅದರಲ್ಲಿ ಕಳೆಯುವ ತಿದ್ದುಪಡಿ, ಕೂಡಿಸುವುದಲ್ಲ.

ಒಂದು ಎಚ್ಚರಿಕೆ ಮಾತ್ರ ಉಳಿದಿದೆ. ವೈರಾಣುವಿಗೆ ಕೀಟ ನಿರೋಧ ಬೆಳೆಸಿಕೊಳ್ಳುವುದಿಲ್ಲವೆಂದು ನಾವು ಬಹಳ ಕಾಲ ಪಾಠ ಮಾಡಿದೆವು. 2005ರಲ್ಲಿ ಜರ್ಮನಿಯ ಸೇಬಿನ ತೋಟಗಳಲ್ಲಿ, ವರ್ಷಗಟ್ಟಲೆ ಒಂದೇ ತಳಿಯ ವೈರಾಣುವನ್ನು ಹೊಡೆದ ಕಡೆ, ಕಾಡ್ಲಿಂಗ್ ಪತಂಗದ ಹುಳುಗಳು ಅದಕ್ಕೆ ಬಗ್ಗದಿರುವುದು ವರದಿಯಾಯಿತು. ಬೇರೆ ಕಡೆಯಿಂದ ಸಂಗ್ರಹಿಸಿದ ಬೇರೆ ತಳಿಗಳು ಸಿಕ್ಕಿದ್ದರಿಂದ ತೋಟಗಾರರು ಬಚಾವಾದರು. ಹಾಗಾಗಿ ತಿದ್ದಿದ ಒಂದೇ ವೈರಾಣುವನ್ನು ನೆಚ್ಚಿ, ಹೊಲಗಳಲ್ಲಿ ತಾನಾಗಿರುವ ನೂರು ತಳಿಗಳನ್ನು ಮರೆಯುವಂತಿಲ್ಲ. ತೊಗರಿಹೊಲದವರು ಸತ್ತ ಹುಳುಗಳನ್ನು ಹಾಕಿಟ್ಟ ಬಾಟಲಿಯಲ್ಲಿರುವುದು ಅಂಥದೊಂದು ತಳಿಯಾಗಿರಬಹುದು. ಪ್ರಯೋಗಾಲಯದ ಮೇಡಂ ಅದರ ಬಗ್ಗೆ ಹೇಳಬೇಕು.


ಜೈವಿಕ ಪ್ರಯೋಗಾಲಯ

ಅಣ್ಣ, ಆ ಬಾಟಲಿಯನ್ನು ಬಿಸಿಲಿಗೆ ಇಡಬೇಡಿ, ಒಳಗೆ ಔಷಧವನ್ನಾಗಲಿ ಫಿನಾಯಿಲನ್ನಾಗಲಿ ಹಾಕಬೇಡಿ. ಹುಳುಗಳು ಮುಳುಗುವಷ್ಟು ಕುದಿಸಿ ಆರಿಸಿದ ನೀರು ಹಾಕಿ, ಬಿಗಿಯಾಗಿ ಮುಚ್ಚಿ, ಅಡುಗೆಯ ಸಾಮಾನಿನಿಂದ ದೂರವಿರುವ ತಂಪಾದ ಜಾಗದಲ್ಲಿಡಿ. ಬಾಟಲಿಯ ಮೇಲೆ ಹೊಲದ ಹೆಸರು, ತೊಗರಿಯ ತಳಿ, ಹುಳು ಸಿಕ್ಕಿದ ದಿನ, ಎಷ್ಟು ಹುಳು ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಅಂಟಿಸಿ. ಶಾಯಿ ಒದ್ದೆಗೆ ಅಳಿಸಿಹೋಗುತ್ತದೆ. ಅದೇ ಸಾಲಿನಲ್ಲಿ ಮುಂದಿನ ವಾರವೂ ಬೆಳಗಿನ ಹೊತ್ತು ತುದಿಗಳನ್ನು ನೋಡುತ್ತಾ ನಡೆಯಿರಿ. ಜೋತುಬಿದ್ದ ಹುಳುಗಳ ಸಂಖ್ಯೆ ಹೆಚ್ಚಿದ್ದರೆ ಆ ಭಾಗಕ್ಕೆ ಸದ್ಯ ಏನನ್ನೂ ಹೊಡೆಯದೆ ನನಗೆ ತಿಳಿಸಿ. ಬಾಟಲಿಯನ್ನು ಪರೀಕ್ಷಿಸಿ, ಹರಳುಗಳನ್ನು ಎಣಿಸಿ, ನಮ್ಮಲ್ಲಿರುವ ತಳಿಯೊಂದಿಗೆ ಒಂದೇ ವಯಸ್ಸಿನ ಹುಳುಗಳಿಗೆ ತಿನ್ನಿಸಿ, ಎರಡರಲ್ಲಿ ಯಾವುದು ಎಷ್ಟು ದಿನ ತೆಗೆದುಕೊಳ್ಳುತ್ತದೆಂದು ಇಲ್ಲಿಯೇ ಬರೆಯುತ್ತೇನೆ.